ಒತ್ತಿದ ಮುದ್ರೆ

ಆರ್.ಟಿ. ನಗರ
24 ಜೂನ್ 2024

ಪ್ರೀತಿಯ ಸುಮೈರಾ,

ನೀನು ಹೇಳಿದಂತೆ ಕಾಗದದಲ್ಲೇ ಬರೆಯುತ್ತಿದ್ದೇನೆ. "ಹನ್ನೊಂದು ಸಲ ಮೆಸೇಜ್ ಕಳಿಸಿ ಹನ್ನೊಂದು ಸಲವೂ ಅಳಿಸಿದ್ದೀರಿ. ಅಳಿಸಿದ್ದು ನನ್ನ ಫೋನಿನಲ್ಲಿ ಕಾಣುತ್ತದೆ. ಹೇಳುವುದಿದ್ದರೆ ಕಾಗದದಲ್ಲಿ ಬರೆದು ಅಂಗಡಿ ವಿಳಾಸಕ್ಕೆ ಕಳಿಸಿ" ಎಂದು ನೀನು ಬರೆದದ್ದನ್ನು ಓದಿ ಫೋನನ್ನು ಬೋರಲು ಹಾಕಿ ಕೂತುಬಿಟ್ಟೆ. ಅಳಿಸಿದರೂ ಗುರುತು ಉಳಿಯುತ್ತದೆ ಎನ್ನುವುದು ಅರವತ್ತೊಂದು ವರ್ಷದ ಈ ಹೆಂಗಸಿಗೆ ಗೊತ್ತೇ ಇರಲಿಲ್ಲ. ನನ್ನ ಅಂಜುಬುರುಕುತನವನ್ನು ನೀನು ಹನ್ನೊಂದು ಸಲ ಎಣಿಸಿ ಇಟ್ಟುಕೊಂಡಿದ್ದೀಯಲ್ಲ ಎಂದು ಮುಖವೆಲ್ಲ ಬಿಸಿಯಾಯಿತು.

ಮೊನ್ನೆ ಯೋಗ ದಿನಕ್ಕೆ ಚಿಕ್ಕಜಾಲದ ಹತ್ತಿರ ಒಂದು ಅಪಾರ್ಟ್‌ಮೆಂಟಿನವರು ನನ್ನನ್ನು ಕರೆಸಿದ್ದರು. ಮುನ್ನೂರು ಜನ ಹುಲ್ಲಿನ ಮೇಲೆ ಕೂತು ನಾನು ಹೇಳಿದಂತೆ ಬೆರಳು ಮಡಿಸಿದರು. ನನ್ನ ಹಳೆಯ ಪಾಠ ನಿನಗೆ ಬಾಯಿಪಾಠ ಅಲ್ಲದಿದ್ದರೂ ಕಣ್ಣುಪಾಠ ಆಗಿರಬೇಕು: ತೋರುಬೆರಳು ಅಂದರೆ ಅಹಂಕಾರ, ಹೆಬ್ಬೆರಳು ಅಂದರೆ ಪರಮಾತ್ಮ, ಅಹಂಕಾರ ಬಗ್ಗಿ ಹೆಬ್ಬೆರಳನ್ನು ಮುಟ್ಟಿದರೆ ಚಿನ್ಮುದ್ರೆ. ಕೊನೆಯಲ್ಲಿ ಶಾಲು ಹೊದಿಸಿ "ಮುದ್ರಾ ಪ್ರವೀಣೆ" ಎಂದು ಮೈಕಿನಲ್ಲಿ ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆ ಶಾಲನ್ನು ಇನ್ನೂ ಕವರಿನಿಂದ ತೆಗೆದಿಲ್ಲ.

ಮಾರ್ಚ್ ಹತ್ತರ ಭಾನುವಾರದ ಬಗ್ಗೆ ಹೇಳಬೇಕು. ಅವತ್ತು ನಮ್ಮ ಸಂಘದ ಹಾಲ್‌ನಲ್ಲಿ ಇಪ್ಪತ್ತೆರಡು ಜನ ಇದ್ದೆವು. ಎಲ್ಲರೂ ಚಿನ್ಮುದ್ರೆ ಹಿಡಿದು ಕಣ್ಣು ಮುಚ್ಚಿದ್ದರು. ನಿನಗೆ ಕಿವಿ ಕೇಳದ ಕಾರಣ ನಾನು ಯಾವಾಗ ಮುಗಿಸುತ್ತೇನೆಂದು ನೋಡಲು ನೀನೊಬ್ಬಳು ಕಣ್ಣು ತೆರೆದು ಬಲಗಡೆ ಗೋಡೆಗೆ ಒರಗಿ ಕೂತಿದ್ದೆ. ನಿನ್ನ ಕೈ ಮಂಡಿಯ ಮೇಲೆ ನಿಲ್ಲದೆ ಆಡುತ್ತಿತ್ತು. ನಾನು ಎದ್ದು ಬಂದು ಸರಿಪಡಿಸಿದೆ. ನೀನು ಮತ್ತೆ ಆಡಿಸಿದೆ, ನಾನು ಮತ್ತೆ ಸರಿಪಡಿಸಿದೆ. ಏಕಾಗ್ರತೆ ತಪ್ಪುತ್ತಿದೆ ಎಂದುಕೊಂಡೆ, ಅಷ್ಟೆ. ನನ್ನ ಬೆನ್ನ ಹಿಂದೆ, ಕೊನೆಯ ಸಾಲಿನ ಮೂಲೆಯಲ್ಲಿ ಜಯಸಿಂಹ ಅವರು ಪಕ್ಕಕ್ಕೆ ವಾಲಿದ್ದು ನನಗೆ ಕಾಣಲಿಲ್ಲ. ಆಮೇಲೆ ಆಸ್ಪತ್ರೆ, ಪಾರ್ಶ್ವವಾಯು, ಬಲಗೈ ಹೋಯಿತು, ಮಾತು ಹೋಯಿತು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿ ಮೈಕ್ ಇಲ್ಲದೆ ಬಸ್ಸು ಕೂಗಿ ಕರೆಯುತ್ತಿದ್ದ ಮನುಷ್ಯ.

ಅವತ್ತಿನಿಂದ ನೀನು ಕ್ಲಾಸಿಗೆ ಬಂದಿಲ್ಲ. ನಿನ್ನ ಜಾಗ ಹಾಗೇ ಇದೆ. ನನಗೆ ಒಂದು ವಿಷಯ ಕೇಳಬೇಕು. ಅವತ್ತು ಕೈಯಲ್ಲಿ ನೀನು ಏನು ಹೇಳುತ್ತಿದ್ದೆ?

ಇತಿ ನಿನ್ನ ಟೀಚರ್,
ಕೃಷ್ಣವೇಣಿ


ಯಶವಂತಪುರ
2 ಜುಲೈ 2024

ಕೃಷ್ಣವೇಣಿ ಮೇಡಮ್ ಅವರಿಗೆ,

ಸಲಾಂ. ಪತ್ರ ತಲುಪಿತು. ಮುಜಫ್ಫರ್ ಅಣ್ಣ ತೆರೆಯದೆ ಕೊಟ್ಟರು.

ನಮ್ಮ ಅಂಗಡಿಯಲ್ಲಿ ಏನು ಮಾಡುತ್ತೇವೆಂದು ನಿಮಗೆ ಗೊತ್ತು. ರಬ್ಬರ್ ಸ್ಟಾಂಪು, ಸೀಲು. ನೀವು ಕಲಿಸುವುದಕ್ಕೂ ಮುದ್ರೆ ಎಂದೇ ಹೆಸರು ಎಂದು ಮೊದಲ ದಿನ ಬೋರ್ಡಿನಲ್ಲಿ ಓದಿ ನನಗೆ ನಗು ಬಂದಿತ್ತು. ಸ್ಟಾಂಪಿನಲ್ಲಿ ಅಕ್ಷರ ಉಲ್ಟಾ ಇರುತ್ತದೆ. ಉಲ್ಟಾ ಓದಿ ತಪ್ಪು ಹಿಡಿಯುವುದು ಅಂಗಡಿಯಲ್ಲಿ ನನ್ನ ಕೆಲಸ. ನಿಮ್ಮ ಪತ್ರವನ್ನೂ ಹಾಗೇ ಓದಿದೆ. ಎರಡು ತಪ್ಪು ಸಿಕ್ಕಿದವು.

ಒಂದು. "ಸರಿಪಡಿಸಿದೆ" ಎಂದು ಬರೆದಿದ್ದೀರಿ. ನೀವು ಸರಿಪಡಿಸಲಿಲ್ಲ, ಒತ್ತಿದಿರಿ. ಮೊದಲ ಸಲ ಬೆರಳು ಮಡಿಸಿ ಹೋದಿರಿ. ಎರಡನೇ ಸಲ ನನ್ನ ಮುಂದೆಯೇ ಕೂತು ನನ್ನ ಎರಡೂ ಕೈಗಳ ಮೇಲೆ ನಿಮ್ಮ ಎರಡೂ ಕೈ ಇಟ್ಟು ಒತ್ತಿ ಹಿಡಿದಿರಿ. ಹಿಡಿದುಕೊಂಡೇ ಕಣ್ಣು ಮುಚ್ಚಿದಿರಿ. ನಿಮ್ಮ ಮುಖದಲ್ಲಿ ನಗು ಇತ್ತು. ನಿಮ್ಮ ಭುಜದ ಮೇಲಿಂದ ನನಗೆ ಜಯಸಿಂಹ ಸರ್ ಕಾಣುತ್ತಿದ್ದರು. ಕ್ಲಾಸು ಮುಗಿಯುವುದು ಕೇಳಿಸದ ಕಾರಣ ನಾನು ಯಾವಾಗಲೂ ಗೋಡೆ ಗಡಿಯಾರ ನೋಡುತ್ತೇನೆ. ಅವರು ವಾಲಿದಾಗ ಏಳು ಹತ್ತು. ನಾನು ಕೈ ಕಿತ್ತುಕೊಂಡು ನೆಲ ಬಡಿದ ಮೇಲೆ ನೀವು ಕಣ್ಣು ಬಿಟ್ಟಾಗ ಏಳು ಹದಿನಾರು.

ಎರಡು. ಆಸ್ಪತ್ರೆಯಲ್ಲಿ ನೀವು ಜಯಸಿಂಹ ಸರ್ ಹೆಂಡತಿ ಶುಭಾ ಮೇಡಮ್‌ಗೆ ಏನು ಹೇಳಿದಿರಿ ಎಂಬುದು ಪತ್ರದಲ್ಲಿ ಇಲ್ಲ.

ನಮ್ಮ ಅತ್ತಿಗೆ ಕುಲ್ಸುಮ್ ಸೊಪ್ಪಿನ ಪಟಾಲಮ್ಮನ ಗಾಡಿ ಹತ್ತಿರ ನಿಂತಿದ್ದಾಗ, ಇವರು ನನ್ನ ಅತ್ತಿಗೆ ಎಂದು ತಿಳಿಯದೆ ಪಟಾಲಮ್ಮ ಯಾರಿಗೋ ಹೇಳುತ್ತಿದ್ದಳಂತೆ: "ಆ ಕಿವುಡಿ ಉಡುಗಿ ಕಣ್ ಬಿಟ್ಕಂಡೇ ನೋಡ್ತಾ ಕುಂತಿತ್ತಂತೆ ಕಣವ್ವ. ಆ ಯಜಮಾನ್ರು ಬಿದ್ರೂ ಅಲ್ಲಾಡ್ಲಿಲ್ವಂತೆ. ಇಂಗೂ ಇರ್ತಾರಾ ಜನ!" ಅತ್ತಿಗೆ ಕೊತ್ತಂಬರಿ ಅಲ್ಲೇ ಬಿಟ್ಟು ಮನೆಗೆ ಬಂದು ಅತ್ತರು. ರಂಜಾನ್ ತಿಂಗಳು ಪೂರ್ತಿ ನಾನು ಅಂಗಡಿಗೆ ಬರಲು ಆ ಬೀದಿಯಲ್ಲಿ ನಡೆಯದೆ ಸುತ್ತಿ ಬಸ್ ಸ್ಟಾಪಿಗೆ ಹೋದೆ.

ಅವತ್ತು ಏನು ಹೇಳುತ್ತಿದ್ದೆ ಎಂದು ಕೇಳಿದ್ದೀರಿ. ಈಗ ಹೇಳುವುದಿಲ್ಲ.

ಸುಮೈರಾ


ಆರ್.ಟಿ. ನಗರ
19 ಜುಲೈ 2024

ಸುಮೈರಾ,

ಹದಿನೇಳು ದಿನ ತೆಗೆದುಕೊಂಡೆ. ನಾಲ್ಕು ಹಾಳೆ ಹರಿದೆ. ನಿನಗೆ ಎಣಿಸುವ ಅಭ್ಯಾಸ ಇರುವುದರಿಂದ ನಾನೇ ಹೇಳಿಬಿಡುತ್ತಿದ್ದೇನೆ.

ಹೌದು. ಒತ್ತಿದೆ.

ಆ ನಗುವಿನ ವಿಷಯ ನೀನು ಬರೆಯದಿದ್ದರೆ ಚೆನ್ನಾಗಿತ್ತು. ಅದು ಯಾವ ನಗು ಎಂದು ನನಗೆ ಗೊತ್ತು. "ನೋಡಿ, ಕಿವಿ ಕೇಳದ ಹುಡುಗಿಯನ್ನೂ ನಾನು ಧ್ಯಾನದಲ್ಲಿ ಕೂರಿಸಿದೆ" ಎಂಬ ನಗು. ನೀನು ಕ್ಲಾಸಿಗೆ ಸೇರಿದಾಗಿನಿಂದ ನಾನು ನಿನ್ನನ್ನು ಬಂದವರಿಗೆಲ್ಲ ತೋರಿಸುತ್ತಿದ್ದೆ. "ಇವಳಿಗೆ ಮಾತಿಲ್ಲ, ಆದ್ರೆ ಇವಳಷ್ಟು ಚೆನ್ನಾಗಿ ಮುದ್ರೆ ಹಿಡಿಯೋರು ಇನ್ನೊಬ್ರಿಲ್ಲ" ಅನ್ನುತ್ತಿದ್ದೆ. ನೀನು ನನ್ನ ಕ್ಲಾಸಿನ ಒಡವೆಯಾಗಿದ್ದೆ. ಒಡವೆ ಮಿಸುಕಾಡಿದರೆ ಸಿಟ್ಟು ಬರದೆ ಇರುತ್ತದೆಯೇ? ಅವತ್ತು ನನಗೆ ಬಂದದ್ದು ಸಿಟ್ಟೇ. ಅದಕ್ಕೆ ಏಕಾಗ್ರತೆ ಎಂದು ಹೆಸರಿಟ್ಟೆ.

ಇನ್ನು ಆಸ್ಪತ್ರೆ. ಅವತ್ತು ಕ್ಲಾಸಿಗೆ ಬರದಿದ್ದ ಶುಭಾ ಹೆಬ್ಬಾಳದ ಆ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದುಕೊಂಡಳು. ಅವಳೂ ನಾನೂ ಇಪ್ಪತ್ತೇಳು ವರ್ಷದಿಂದ ಒಂದೇ ಬೀದಿ. ನನ್ನ ಯಜಮಾನರು ಹೋದಾಗ ಹದಿಮೂರು ದಿನ ನನ್ನ ಮನೆಗೆ ಅಡುಗೆ ಕಳಿಸಿದವಳು. "ಅಷ್ಟ್ ಜನ ಇದ್ರಲ್ಲ ವೇಣಿ, ಒಬ್ರಿಗೂ ಕಾಣ್ಲಿಲ್ವಾ? ಒಬ್ರಿಗೂ?" ಅಂದಳು. ಆಗ ನನ್ನ ಬಾಯಿಂದ ಬಂದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. "ಎಲ್ಲರೂ ಕಣ್ಣು ಮುಚ್ಚಿದ್ವಿ ಶುಭಾ. ಸುಮೈರಾ ಒಬ್ಳು ಬಿಟ್ಕೊಂಡಿದ್ಳು. ಪಾಪ, ಅವಳಿಗೆ ಗೊತ್ತಾಗ್ಲಿಲ್ವೋ ಏನೋ."

ಪಾಪ ಅಂದೆ. ಕನಿಕರದ ಮಾತು ಅದು, ಕೇಳಿದವರಿಗೆ ನಾನು ನಿನ್ನ ಪರ ಇದ್ದಂತೆ ಕಾಣುತ್ತದೆ. ಎರಡಕ್ಷರದ ಹಿಂದೆ ನಾನು ಪೂರ್ತಿ ಅಡಗಿಕೊಂಡೆ. ನೀನು ಸುಮ್ಮನೆ ಕೂತಿದ್ದೆ ಎಂದು ನಾನು ಹೇಳಿಲ್ಲ, ಹಾಗೆಂದು ಶುಭಾ ತಿಳಿದುಕೊಂಡರೆ ನಾನೇನು ಮಾಡಲಿ ಎಂದು ಎಷ್ಟೋ ದಿನ ನನಗೆ ನಾನೇ ವಾದಿಸಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಬೀದಿಯಲ್ಲಿ ಯಾರಾದರೂ ನಿನ್ನ ಹೆಸರೆತ್ತಿದರೆ ನನ್ನ ಕೈ ತಾನಾಗಿ ಸೆರಗಿನೊಳಗೆ ಹೋಗುತ್ತದೆ.

ನಿನ್ನ ಕ್ಷಮೆ ಕೇಳುತ್ತೇನೆ ಸುಮೈರಾ. ಕ್ಷಮಿಸಿದೆ ಎಂದು ಒಂದು ಸಾಲು ಬರೆ. ನನಗೆ ಅಷ್ಟು ಸಾಕು.

ಕೃಷ್ಣವೇಣಿ


ಯಶವಂತಪುರ
28 ಜುಲೈ 2024

ಮೇಡಮ್,

ಸಲಾಂ. ಈ ಪತ್ರದಲ್ಲಿ ತಪ್ಪು ಕಡಿಮೆ ಇದೆ. ಆದರೆ ವಿಳಾಸ ತಪ್ಪು. ಇದು ಶುಭಾ ಮೇಡಮ್‌ಗೆ ಹೋಗಬೇಕಾದ ಪತ್ರ. ನನಗೆ ಕಳಿಸಿದ್ದೀರಿ. ನಾನು "ಕ್ಷಮಿಸಿದೆ" ಎಂದು ಬರೆದರೆ ನೀವು ಅದನ್ನು ಮಡಿಸಿ ಬೀರುವಿನಲ್ಲಿ ಇಡುತ್ತೀರಿ. ಬೀದಿಯಲ್ಲಿ ನಾನು ಮಾತ್ರ ಹಾಗೇ ಇರುತ್ತೇನೆ.

ಅವಳು ಯಾಕೆ ಕೂಗಲಿಲ್ಲ ಎಂದು ಜನ ಕೇಳುತ್ತಾರಂತೆ. ಅದಕ್ಕೂ ಉತ್ತರ ಇದೆ. ನನಗೆ ಜ್ವರ ಬಂದು ಕಿವಿ ಹೋದಾಗ ನಾಲ್ಕು ವರ್ಷ. ದನಿ ಹೋಗಿಲ್ಲ. ಕ್ಲಾಸಿಗೆ ಸೇರಿದ ಮೊದಲ ವಾರ ನೀವೆಲ್ಲ ಓಂ ಅನ್ನುವಾಗ ನೆಲ ಗುಂಯ್ ಎನ್ನುವುದು ನನ್ನ ಕಾಲಿಗೆ ಗೊತ್ತಾಗುತ್ತಿತ್ತು. ನಾವು ಓಂ ಹೇಳುವವರಲ್ಲ. ಆದರೂ ಅಷ್ಟು ಜನರ ನಡುವೆ ಕೂತು ಒಂದು ಸಲ "ಆ" ಎಂದು ದನಿ ಸೇರಿಸಿದೆ. ಮುಂದಿನ ಸಾಲಿನವರ ಭುಜ ಕುಲುಕಿದ್ದು ಕಂಡಿತು. ನಗುತ್ತಿದ್ದರು. ಕ್ಲಾಸು ಮುಗಿದ ಮೇಲೆ ನೀವು ಚೀಟಿಯಲ್ಲಿ ಬರೆದು ಕೊಟ್ಟಿರಿ. "ನೀನು ಮನಸ್ಸಿನಲ್ಲೇ ಹೇಳಿಕೋ ಅಮ್ಮ." ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ. ಮೊದಲು ಬಾಯಿಗೆ ಸೀಲು ಹಾಕಿದಿರಿ. ಕೈ ಉಳಿದಿತ್ತು.

ಆದರೂ ನಾನು ಯಾಕೆ ಎರಡು ವರ್ಷ ಬಂದೆ ಗೊತ್ತಾ? ನನ್ನ ಕೈಗಳನ್ನು ಜನ ಯಾವಾಗಲೂ ಒಂದು ಥರ ನೋಡುತ್ತಾರೆ. ಬಸ್ಸಿನಲ್ಲಿ ಗೆಳತಿ ತಸ್ನೀಮ್ ಜೊತೆ ಮಾತಾಡುತ್ತಿದ್ದರೆ ಮಕ್ಕಳು ನಮ್ಮ ಹಾಗೆ ಕೈ ಆಡಿಸಿ ಅಣಕಿಸುತ್ತವೆ. ನಿಮ್ಮ ಹಾಲ್‌ನಲ್ಲಿ ಮಾತ್ರ ಇಪ್ಪತ್ತೆರಡು ಜನ ಬೆರಳಿಗೆ ಅರ್ಥ ಇದೆ ಎಂದು ನಂಬಿ ಕೂತಿದ್ದರು. ಕೈಗೆ ಮರ್ಯಾದೆ ಇರುವ ಜಾಗ ಇದು ಎಂದುಕೊಂಡೆ. ನನ್ನ ಕೈಗೂ ಇದೆ ಎಂದುಕೊಂಡದ್ದು ನನ್ನ ತಪ್ಪು.

ಕ್ಲಾಸಿನ ಎಲ್ಲರಿಗೂ ನಾನು ಕೈಹೆಸರು, ಅಂದರೆ ಕೈಯಲ್ಲಿ ಮಾಡಿ ತೋರಿಸುವ ಹೆಸರು, ಇಟ್ಟಿದ್ದೆ. ಶುಭಾ ಮೇಡಮ್‌ಗೆ ಮೂಗುಬೊಟ್ಟು. ಜಯಸಿಂಹ ಸರ್‌ಗೆ ಮೀಸೆ. "ನನ್ನ ಹೆಸರು ಏನು" ಎಂದು ಕೇಳಿ ತಿಳಿದುಕೊಂಡವರು ಅವರೊಬ್ಬರೇ. ಆಮೇಲೆ ದಿನಾ ಬೆಳಿಗ್ಗೆ ನನ್ನನ್ನು ಕಂಡ ಕೂಡಲೇ ಮೀಸೆ ತಿರುವುತ್ತಿದ್ದರು. ನಿಮಗೂ ಒಂದು ಹೆಸರು ಇತ್ತು. ಮಾರ್ಚ್ ಹತ್ತರ ಮೇಲೆ ಬದಲಾಯಿಸಿದೆ.

ಒಂದು ಮಾತು ನನ್ನ ಲೆಕ್ಕಕ್ಕೂ ಬರೆದುಕೊಳ್ಳಿ. ನೀವು ಹಿಡಿದಾಗ ನಾನು ಮೊದಲ ನಿಮಿಷವೇ ಕೈ ಕಿತ್ತುಕೊಳ್ಳಬಹುದಿತ್ತು. ನಿಮಗಿಂತ ನನಗೆ ಬಲ ಜಾಸ್ತಿ. ಟೀಚರ್ ಹಿಡಿದಿದ್ದಾರೆ, ಬಿಡಿಸಿಕೊಂಡರೆ ಬೇಜಾರಾಗುತ್ತಾರೆ ಎಂದು ಕಾದೆ. ಅದು ನನ್ನ ಪಾಲಿನ ನಾಚಿಕೆ. ಆ ಮೀಸೆ ನೆನಪಾದಾಗಲೆಲ್ಲ ನನ್ನ ಕೈ ನೋಡಿಕೊಳ್ಳಲು ಆಗುವುದಿಲ್ಲ.

ಸುಮೈರಾ


ಆರ್.ಟಿ. ನಗರ
9 ಸೆಪ್ಟೆಂಬರ್ 2024

ಸುಮೈರಾ,

ಹೇಳಲಾಗಲಿಲ್ಲ.

ವರಮಹಾಲಕ್ಷ್ಮಿ ಹಬ್ಬ ಕಳೆಯಲಿ ಎಂದುಕೊಂಡೆ, ಕಳೆಯಿತು. ಗೌರಿ ಹಬ್ಬದ ದಿನ ಬಾಗಿನ ಹಿಡಿದುಕೊಂಡು ಅವರ ಮನೆಗೆ ಹೋದೆ. ಇವತ್ತು ಹೇಳದಿದ್ದರೆ ನಾನು ಹೆಣ್ಣೇ ಅಲ್ಲ ಎಂದುಕೊಂಡು ಹೋದೆ. ಜಯಸಿಂಹ ಅವರು ಕಿಟಕಿ ಹತ್ತಿರದ ಕುರ್ಚಿಯಲ್ಲಿದ್ದರು. ಮೀಸೆಯನ್ನು ಶುಭಾಳೇ ಕತ್ತರಿಸುತ್ತಾಳಂತೆ, ಒಂದು ಕಡೆ ಏರುಪೇರಾಗಿದೆ. ಬಲಗೈ ಮುಷ್ಟಿ ಬಿಗಿದುಕೊಂಡು ಎದೆಗೆ ಅಂಟಿಕೊಂಡಿದೆ. ಶುಭಾ ಎಣ್ಣೆ ಹಚ್ಚಿ ಒಂದೊಂದೇ ಬೆರಳು ಬಿಡಿಸುತ್ತಿದ್ದಳು. ಬಿಡಿಸಿದ ಬೆರಳು ಮತ್ತೆ ಮಡಿಚಿಕೊಳ್ಳುತ್ತಿತ್ತು.

"ಮಡಿಸೋದನ್ನ ನೀನು ಚೆನ್ನಾಗ್ ಹೇಳ್ಕೊಡ್ತಿದ್ದೆ. ಬಿಡಿಸೋ ಮುದ್ರೆ ಯಾವ್ದಾದ್ರೂ ಇದ್ರೆ ಹೇಳ್ಕೊಡೇ ವೇಣಿ" ಅಂದಳು. ತಮಾಷೆಗೆ ಅಂದಳು. ನಗುತ್ತಲೇ ಅಂದಳು. ಅರಿಶಿನ ಕುಂಕುಮ ಕೊಟ್ಟಳು, ಕಡುಬು ಕಟ್ಟಿಕೊಟ್ಟಳು. ತೆಗೆದುಕೊಂಡು ಬಂದೆ. ಕಡುಬನ್ನು ತಿಂದೆ ಕೂಡ. ನನ್ನಂಥ ನಾಚಿಕೆಗೆಟ್ಟವಳು ಇನ್ನೊಬ್ಬಳಿಲ್ಲ.

ಅವಳು ಇಪ್ಪತ್ತೇಳು ವರ್ಷದ ಗೆಳತಿ. ಹೇಳಿದರೆ ಅವಳನ್ನು ಕಳೆದುಕೊಳ್ಳುತ್ತೇನೆ. ನಿನಗೆ ಅರ್ಥವಾಗುತ್ತದೆ ಎಂದು ಬರೆದಿದ್ದೇನೆ.

ಕೃಷ್ಣವೇಣಿ


(ಉತ್ತರವಾಗಿ ಬಂದ ಹಾಳೆಯಲ್ಲಿ ಕೈಬರಹ ಇರಲಿಲ್ಲ. ನಡುವೆ ನೀಲಿ ಶಾಯಿಯ ಒಂದು ಸೀಲು ಮಾತ್ರ.)

ಸ್ವೀಕರಿಸಲಾಗಿದೆ
14 ಸೆಪ್ಟೆಂಬರ್ 2024


ಆರ್.ಟಿ. ನಗರ
18 ನವೆಂಬರ್ 2024

ಸುಮೈರಾ,

ನಿನ್ನ ಸೀಲನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿಟ್ಟಿದ್ದೆ. ದಿನಾ ತಲೆ ಬಾಚುವಾಗ ಕಾಣುತ್ತಿತ್ತು. ಸರ್ಕಾರಿ ಕಚೇರಿಯಲ್ಲಿ ಅರ್ಜಿಯನ್ನು ಸ್ವೀಕರಿಸಿ ಮೂಲೆಗೆ ಎಸೆಯುತ್ತಾರಲ್ಲ, ಹಾಗೆ ನೀನು ನನ್ನ ಗೋಳನ್ನು ಸ್ವೀಕರಿಸಿದ್ದೆ. ಮೊದಲು ಸಿಟ್ಟು ಬಂತು. ಎರಡು ತಿಂಗಳಾದ ಮೇಲೆ ಅದನ್ನು ನೋಡುವುದು ನನ್ನ ಕೈಲಾಗಲಿಲ್ಲ.

ನಿನ್ನೆ ಹೇಳಿದೆ.

ಜಯಸಿಂಹ ಅವರು ಹಾಲ್‌ನಲ್ಲಿ ನಿದ್ದೆ ಮಾಡುತ್ತಿದ್ದರು. ಶುಭಾ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಒಂದು ಹಿಡಿ ಕಾಯಿ ತೆಗೆದುಕೊಂಡೆ. ಸುಲಿಯುತ್ತ ಸುಲಿಯುತ್ತ ಹೇಳಿದೆ. ಮುಖ ನೋಡಿ ಹೇಳಲಿಲ್ಲ, ಅಷ್ಟು ಧೈರ್ಯ ಬರಲಿಲ್ಲ. "ಸುಮೈರಾ ನೋಡ್ಕೊಂಡ್ ಸುಮ್ನೆ ಕೂತಿರ್ಲಿಲ್ಲ ಶುಭಾ. ಅವಳು ಕೈಲಿ ಹೇಳಿದ್ಳು. ನಾನು ಅವಳ ಕೈ ಒತ್ತಿ ಹಿಡ್ಕೊಂಡೆ. ಎರಡು ಸಲ" ಅಂದೆ.

ಅವಳು ಕಾಯಿ ಕೆಳಗಿಟ್ಟಳು. "ಎಷ್ಟ್ ಹೊತ್ತು?" ಅಂದಳು.

ನನಗೆ ಗೊತ್ತಿಲ್ಲ ಅನ್ನಬಹುದಿತ್ತು. ನೀನು ಗಡಿಯಾರ ನೋಡಿಟ್ಟಿದ್ದೆಯಲ್ಲ. "ಆರು ನಿಮಿಷ" ಅಂದೆ. ಆರು ನಿಮಿಷದಿಂದ ಏನೂ ವ್ಯತ್ಯಾಸ ಆಗುತ್ತಿರಲಿಲ್ಲವೇನೋ ಎಂದು ಒಂದು ಮಾತು ಗಂಟಲಿನವರೆಗೂ ಬಂತು. ಈಚೆಗೆ ಒಬ್ಬ ಡಾಕ್ಟರನ್ನು ಬೇರೆ ಯಾರದೋ ವಿಷಯ ಎಂಬಂತೆ ಕೇಳಿದ್ದೆ. ಹೇಳೋಕಾಗಲ್ಲ ಅಂದಿದ್ದರು. ಆ ಮಾತನ್ನು ನುಂಗಿಕೊಂಡೆ. ಇಷ್ಟು ತಿಂಗಳಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಶುಭಾ ಆರು ನಿಮಿಷದ ಬಗ್ಗೆ ಮಾತೇ ಆಡಲಿಲ್ಲ. ಅವರೆಕಾಯಿ ಸಿಪ್ಪೆಯನ್ನು ಒಂದು ಕಡೆ ಸರಿಸಿ ಅಂದಳು: "ಆ ಹುಡುಗಿ ಬಗ್ಗೆ ನಾನ್ ಏನೇನ್ ಅಂದಿದೀನಿ ಗೊತ್ತೇನೇ ನಿಂಗೆ? ಪಟಾಲಮ್ಮನ ಮುಂದೆ ಅಂದೆ. ದೇವಸ್ಥಾನದಲ್ಲಿ ಅಂದೆ. ಅವಳಿಗೆ ಒಳ್ಳೇದಾಗಲ್ಲ ಅಂತ ದೇವರ ಮುಂದೆ ನಿಂತ್ಕೊಂಡ್ ಅಂದೆ ಕಣೇ. ನೀನ್ ಪಕ್ಕದಲ್ಲೇ ಇದ್ದೆ. ಪಾಪ ಪಾಪ ಅಂದ್ಕೊಂಡು ಆ ಪಾಪಾನ ನನ್ನ ಕೈಲಿ ಮಾಡಿಸ್ದೆಯಲ್ಲೇ ವೇಣಿ!"

ನಾನು ಪಕ್ಕದಲ್ಲೇ ಇದ್ದೆ, ನಿಜ. ಆಂಜನೇಯನಿಗೆ ದೀಪ ಹಚ್ಚುತ್ತಿದ್ದೆ. ಅವಳು ಶಾಪ ಹಾಕಿದ್ದು ಕಿವಿಗೆ ಬಿತ್ತು, ಕೇಳಿಸದವಳ ಹಾಗೆ ಬತ್ತಿ ಸರಿಮಾಡಿದೆ. ಇದನ್ನು ನಿನಗೂ ಬರೆದಿರಲಿಲ್ಲ. ಈಗ ಬರೆದಿದ್ದೇನೆ.

"ಎದ್ದು ಹೋಗು" ಅಂದಳು. ಎದ್ದೆ. ನನ್ನ ಮಡಿಲಲ್ಲಿದ್ದ ಕಾಳನ್ನು ಅವಳ ತಟ್ಟೆಗೆ ಸುರಿದೆ. ಅವಳು ತಟ್ಟೆಯನ್ನು ಪಕ್ಕಕ್ಕೆ ಎಳೆದುಕೊಂಡಳು. ಕಾಳು ನೆಲದ ಮೇಲೆ ಬಿದ್ದವು. ಆರಿಸಲು ಬಗ್ಗಿದರೆ "ಬೇಡ, ಬಿಡು" ಅಂದಳು.

ಇವತ್ತು ಬೆಳಿಗ್ಗೆ ಕ್ಲಾಸಿನಲ್ಲೂ ಎಲ್ಲರ ಮುಂದೆ ಹೇಳಿದೆ. ನಿನ್ನ ದನಿಗೆ ನಕ್ಕವರೂ ಅಲ್ಲಿದ್ದರು. ಅದನ್ನೂ ಹೇಳಿದೆ, ನಿನಗೆ ನಾನು ಕೊಟ್ಟ ಚೀಟಿಯನ್ನೂ ಹೇಳಿದೆ. ಅರ್ಧ ಜನ ನಾಳೆಯಿಂದ ಬರುವುದಿಲ್ಲ ಅನ್ನಿಸುತ್ತದೆ. ಮನೆಗೆ ಬರುವಾಗ ಪಟಾಲಮ್ಮನ ಗಾಡಿ ಹತ್ತಿರ ನಿಂತು ಅವಳಿಗೂ ಹೇಳಿದೆ. ಅವಳು ತಕ್ಕಡಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂಗಾದ್ರೆ ತೆಪ್ಪು ನಿಮ್ದೇನಾ ಮೇಡಮ್ಮು?" ಅಂದಳು. "ನನ್ದೇ ಕಣಮ್ಮ" ಅಂದೆ. ಮುನ್ನೂರು ಜನರ ಮುಂದೆ ಮೈಕು ಹಿಡಿದವಳಿಗೆ ಆ ಎರಡು ಪದ ಹೇಳಲು ಉಸಿರು ಸಾಲಲಿಲ್ಲ.

ಕ್ಷಮಿಸು ಎಂದು ಈ ಸಲ ಕೇಳುವುದಿಲ್ಲ. ಮೊದಲ ಪತ್ರದಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಕೊಡಬೇಕೆನ್ನಿಸಿದರೆ. ಅವತ್ತು ಏನು ಹೇಳುತ್ತಿದ್ದೆ?

ಕೃಷ್ಣವೇಣಿ


ಯಶವಂತಪುರ
8 ಜನವರಿ 2025

ಕೃಷ್ಣವೇಣಿ ಮೇಡಮ್ ಅವರಿಗೆ,

ಸಲಾಂ. ತಡವಾಗಿ ಬರೆಯುತ್ತಿದ್ದೇನೆ. ಮಾತು ಕೊಟ್ಟಿರಲಿಲ್ಲ, ಆದರೂ ಉತ್ತರ ಕೊಡುತ್ತೇನೆ.

ಅವತ್ತು ಮೊದಲು ಮೀಸೆ ತಿರುವಿದೆ. ಅಂದರೆ ಜಯಸಿಂಹ ಸರ್. ಆಮೇಲೆ ಅಂಗೈ ಮೇಲೆ ಎರಡು ಬೆರಳು ನಿಲ್ಲಿಸಿ ಮಲಗಿಸಿದೆ. ಅಂದರೆ ಬಿದ್ದರು. ಇವೆರಡೂ ನಿಮಗೆ ಅರ್ಥವಾಗಲಿಲ್ಲ, ಅದು ನಿಮ್ಮ ತಪ್ಪಲ್ಲ, ನೀವು ನಮ್ಮ ಭಾಷೆ ಕಲಿತಿಲ್ಲ. ಮೂರನೆಯದು ತೋರುಬೆರಳು. ಅವರ ಕಡೆಗೆ ತೋರಿಸಿದೆ. ಅದು ಯಾವ ಭಾಷೆಯೂ ಅಲ್ಲ ಮೇಡಮ್. ಹಾಲು ಕುಡಿಯುವ ಮಗುವೂ ಮಾಡುತ್ತದೆ. ತೋರಿಸುತ್ತದೆ ಎಂದೇ ಅದಕ್ಕೆ ಆ ಹೆಸರು. ನೀವು ಆ ಬೆರಳನ್ನು ಹಿಡಿದು ಹೆಬ್ಬೆರಳಿಗೆ ಮಡಿಸಿದಿರಿ.

ಡಿಸೆಂಬರ್ ಮೊದಲ ವಾರ ಶುಭಾ ಮೇಡಮ್ ಆಟೋದಲ್ಲಿ ಅಂಗಡಿಗೆ ಬಂದರು. ಮುಜಫ್ಫರ್ ಅಣ್ಣ ಸ್ಟಾಂಪು ಮಾಡಿಸಲು ಬಂದವರು ಎಂದುಕೊಂಡು ಕ್ಯಾಟಲಾಗ್ ಕೊಟ್ಟರು. ಅವರು ತೆಗೆದುಕೊಳ್ಳಲಿಲ್ಲ. ನನ್ನನ್ನು ನೋಡಿ ಎರಡೂ ಕೈ ಜೋಡಿಸಿದರು. ನೀವು ಅದನ್ನು ಅಂಜಲಿ ಮುದ್ರೆ ಎಂದು ಕಲಿಸಿದ್ದಿರಿ, ಎದೆಗೆ ನಾಲ್ಕು ಬೆರಳು ದೂರ ಇರಬೇಕು ಎಂದಿದ್ದಿರಿ. ಅವರ ಕೈ ಹಣೆಯ ಹತ್ತಿರ ಇತ್ತು. ನಾನು ಕೌಂಟರಿನ ಈಚೆ ಬಂದು ಅವರ ಕೈ ಬಿಡಿಸಿದೆ.

ಈಗ ಪ್ರತಿ ಭಾನುವಾರ ಅವರ ಮನೆಗೆ ಹೋಗುತ್ತೇನೆ. ಪಟಾಲಮ್ಮನ ಗಾಡಿ ಇರುವ ಬೀದಿಯಲ್ಲೇ ನಡೆದು ಹೋಗುತ್ತೇನೆ. ಮೊದಲ ದಿನ ಅವಳು ಒಂದು ಕಟ್ಟು ಕೊತ್ತಂಬರಿ ನನ್ನ ಚೀಲಕ್ಕೆ ಹಾಕಿ ಮುಖ ತಿರುಗಿಸಿಕೊಂಡಳು.

ಜಯಸಿಂಹ ಸರ್ ನನ್ನನ್ನು ನೋಡಿ ಎಡಗೈಯಲ್ಲಿ ಮೀಸೆ ತಿರುವಿದರು. ಅವರಿಗೆ ನಾಲಿಗೆ ಹೊರಳುವುದಿಲ್ಲ, ಎಡಗೈ ಚೆನ್ನಾಗಿದೆ. ನೀರು, ಸಾಕು, ನೋವು, ಬಾ, ಹೋಗು ಕಲಿಸಿದ್ದೇನೆ. ಒಂಬತ್ತು ತಿಂಗಳಿಂದ ಮಾತಿಲ್ಲದ ಮನುಷ್ಯ ಮೊದಲು ಹೇಳಿದ್ದು "ಸಾಕು". ಶುಭಾ ಮೇಡಮ್ ತಟ್ಟೆಗೆ ಮತ್ತೆ ಮತ್ತೆ ಅನ್ನ ಹಾಕುತ್ತಿದ್ದರು. ಮೇಡಮ್ ನಕ್ಕರು, ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಮೊನ್ನೆ ಭಾನುವಾರ ಸರ್ ಮೂಲೆಯಲ್ಲಿ ಸುತ್ತಿಟ್ಟ ಯೋಗದ ಮ್ಯಾಟ್ ತೋರಿಸಿ ಹುಬ್ಬು ಏರಿಸಿದರು. ನಿಮ್ಮನ್ನು ಕೇಳುತ್ತಿದ್ದರು. ನಾನು ನಿಮ್ಮ ಹೆಸರು ಮಾಡಿ ತೋರಿಸಿದೆ. ಮಾರ್ಚ್ ಹತ್ತರ ಮೇಲೆ ಇಟ್ಟ ಹೆಸರು: ಒಂದು ಕೈ ಮೇಲೆ ಇನ್ನೊಂದು ಕೈ ಇಟ್ಟು ಒತ್ತುವುದು. ನಮ್ಮ ಮನೆಯಲ್ಲಿ ಅಣ್ಣ, ಅತ್ತಿಗೆ, ಮಕ್ಕಳು ಎಲ್ಲರಿಗೂ ಆ ಹೆಸರೇ ಗೊತ್ತು. ಸರ್‌ಗೆ ಅರ್ಥವಾಗಲಿಲ್ಲ. ಮೂರು ಸಲ ಮಾಡಿದೆ. ತಲೆ ಅಲ್ಲಾಡಿಸಿದರು. ಶುಭಾ ಮೇಡಮ್ ನನ್ನ ಕೈಯನ್ನೇ ನೋಡುತ್ತಿದ್ದರು.

ಕೊನೆಗೆ ಹಳೆಯ ಹೆಸರು ಮಾಡಬೇಕಾಯಿತು. ಭುಜದಿಂದ ಕೆಳಗೆ ಜಡೆ ಹೆಣೆಯುವುದು. ಜಡೆ ಅಂದರೆ ನೀವು. ಕೂಡಲೇ ಅವರ ಮುಖ ಅರಳಿತು.

ಅವರಿಗೆ ಇನ್ನೂ ಏನೂ ಗೊತ್ತಿಲ್ಲ. ಶುಭಾ ಮೇಡಮ್ ಹೇಳಿಲ್ಲ. "ಅದನ್ನ ಅವಳೇ ಬಂದು ಹೇಳ್ಲಿ" ಎಂದು ನನ್ನ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದರು. ಬಂದರೆ ಸರ್ ಮುಖ ನೋಡಿಕೊಂಡು ಹೇಳಿ. ಅವರೆಕಾಯಿ ತರಬೇಡಿ.

ಇನ್ನೊಂದು ವಿಷಯ. ಹೆಸರು ಗೊತ್ತಾದ ಮೇಲೆ ಸರ್ ತಾವೇ ಎಡಗೈಯನ್ನು ಭುಜದಿಂದ ಕೆಳಗೆ ಎಳೆದು ಜಡೆ ಮಾಡಿದರು. ಆಮೇಲೆ ಬೆರಳು ಮಡಿಸಿ "ಬಾ" ಅಂದರು. ಜಡೆ, ಬಾ. ಜಡೆ, ಬಾ. ನನಗೆ ಇಷ್ಟವಿರಲಿಲ್ಲ. ಆದರೂ ನಾನು ಅವರ ಕೈ ಹಿಡಿಯಲಿಲ್ಲ.

ಸುಮೈರಾ